ಚಿಹ್ನೆ ಬದಲಾಯಿತು, ಮತ ಕದಲಲಿಲ್ಲ: ಸೊರಬದಲ್ಲಿ ಎಸ್. ಬಂಗಾರಪ್ಪ

1967ರಿಂದ 1994ರವರೆಗೆ ನಡೆದ ಏಳು ವಿಧಾನಸಭಾ ಚುನಾವಣೆಗಳಲ್ಲೂ ಶಿವಮೊಗ್ಗ ಜಿಲ್ಲೆಯ ಸೊರಬದ ಮತದಾರರು ಒಬ್ಬರನ್ನೇ ಆರಿಸಿ ಕಳಿಸಿದರು. 1967 ಮತ್ತು 1972ರಲ್ಲಿ ಸಾರೆಕೊಪ್ಪ ಬಂಗಾರಪ್ಪ ಸಮಾಜವಾದಿ ಅಭ್ಯರ್ಥಿ. 1978ರಲ್ಲಿ ಇಂದಿರಾ ಕಾಂಗ್ರೆಸ್. 1983ರಲ್ಲಿ ದೇವರಾಜ ಅರಸು ಕಟ್ಟಿದ್ದ ಕ್ರಾಂತಿರಂಗ ಪಕ್ಷದ ನಾಯಕರಾಗಿ ಜನತಾ ಪಕ್ಷದ ಜೊತೆ. 1985 ಮತ್ತು 1989ರಲ್ಲಿ ಮತ್ತೆ ಕಾಂಗ್ರೆಸ್. 1994ರಲ್ಲಿ ತಾವೇ ಕಟ್ಟಿದ ಕರ್ನಾಟಕ ಕಾಂಗ್ರೆಸ್ ಪಕ್ಷ. ನಡುವೆ 1990ರ ಅಕ್ಟೋಬರ್ 17ರಿಂದ 1992ರ ನವೆಂಬರ್ 19ರವರೆಗೆ ಮುಖ್ಯಮಂತ್ರಿ ಗಾದಿ. 'ಸೋಲಿಲ್ಲದ ಸರದಾರ' ಎಂಬ ಬಿರುದು ಹುಟ್ಟಿದ್ದು ಈ ದಾಖಲೆಯಿಂದ.

ಆದರೆ ಅದೇ ಬಂಗಾರಪ್ಪ 1998ರಲ್ಲಿ ಶಿವಮೊಗ್ಗ ಲೋಕಸಭೆಯಲ್ಲಿ ಸೋತರು, 2008ರಲ್ಲಿ ಶಿಕಾರಿಪುರ ವಿಧಾನಸಭೆಯಲ್ಲಿ ಸೋತರು, 2009ರಲ್ಲಿ ಮತ್ತೆ ಲೋಕಸಭೆಯಲ್ಲಿ ಸೋತರು. ಹಾಗಾಗಿ ಬಿರುದು ನಿಜವಾಗುವುದು ಸೊರಬದ ಗಡಿಯೊಳಗೆ ಮಾತ್ರ. ಪಕ್ಷದಿಂದ ಪಕ್ಷಕ್ಕೆ ಸಲೀಸಾಗಿ ಹೋದ ಮತ, ಕ್ಷೇತ್ರದಿಂದ ಕ್ಷೇತ್ರಕ್ಕೆ ಯಾಕೆ ಹೋಗಲಿಲ್ಲ? ಮಕ್ಕಳ ಕೈಗೆ ಬಂದಾಗ ಯಾಕೆ ಒಡೆಯಿತು? ಮಲೆನಾಡಿನಲ್ಲಿ ಒಬ್ಬ ಶಾಸಕನ ಬಲ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪ್ರಕರಣ ಈ ಜಿಲ್ಲೆಯಲ್ಲಿ ಸಿಗುವುದಿಲ್ಲ.

ಗೇಣಿಯ ನೆಲ

ಸೊರಬ ಅರೆಮಲೆನಾಡು. ಚಂದ್ರಗುತ್ತಿ ಕಡೆಗೆ ಹೋದರೆ ಕಾನು ಎನ್ನುವ ದಟ್ಟ ಕಾಡು, ಅಡಿಕೆ ತೋಟ. ಆನವಟ್ಟಿ, ಜಡೆ ಕಡೆಗೆ ಬಂದರೆ ಕೆರೆಬಯಲು, ಭತ್ತ, ಮೆಕ್ಕೆಜೋಳ. ವರದಾ, ದಂಡಾವತಿ ಹರಿಯುವ ತಾಲ್ಲೂಕು. ಬಂಗಾರಪ್ಪ ಹುಟ್ಟಿದ್ದು ಆನವಟ್ಟಿಗೆ ಹತ್ತಿರದ ಕುಬಟೂರಿನಲ್ಲಿ, 1933ರಲ್ಲಿ. ಸೊರಬ ಮತ್ತು ಸಾಗರ ಎರಡರಲ್ಲೂ ದೀವರು ದೊಡ್ಡ ಸಮುದಾಯ, ಬಂಗಾರಪ್ಪನವರದೂ ಅದೇ. ಈ ಸಮುದಾಯದ ಬಹುಪಾಲು ಕುಟುಂಬಗಳು ಒಂದು ಕಾಲಕ್ಕೆ ಬೇರೆಯವರ ಗದ್ದೆ ಗೇಣಿಗೆ ಮಾಡುತ್ತಿದ್ದವು. ಇದನ್ನು ಬಿಟ್ಟು ಬರೀ ಜಾತಿ ಲೆಕ್ಕ ಹಾಕಿದರೆ ಸೊರಬದ ಫಲಿತಾಂಶ ಅರ್ಧ ಮಾತ್ರ ಅರ್ಥವಾಗುತ್ತದೆ.

1951ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಅಳತೆಯ ಜಗಳ ಸತ್ಯಾಗ್ರಹವಾಗಿ ಬೆಳೆಯಿತು. ಎಚ್. ಗಣಪತಿಯಪ್ಪ ರೈತರನ್ನು ಸಂಘಟಿಸಿದರು, ಸಮಾಜವಾದಿಗಳು ಜೊತೆಗೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷದ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ಸಾಗರ–ಹೊಸನಗರದಿಂದ ಗೆದ್ದರು. ಗೇಣಿದಾರನ ಮತ ಒಡೆಯನ ಮತಕ್ಕಿಂತ ಬೇರೆ ಎಂಬುದು ಈ ಭಾಗದಲ್ಲಿ ಅಂದೇ ನೆಲೆಯಾಯಿತು. ವಕೀಲಿ ಓದಿದ್ದ ಬಂಗಾರಪ್ಪ 1967ರಲ್ಲಿ ಸೊರಬದಿಂದ ನಿಂತಾಗ ಆ ದಾರಿ ಸಿದ್ಧವಾಗಿತ್ತು. ಆಗ ವಿಧಾನಸಭೆಗೆ ಠೇವಣಿ 250 ರೂಪಾಯಿ. ದುಡ್ಡಿಲ್ಲದ ಸಮಾಜವಾದಿ ಅಭ್ಯರ್ಥಿಗೂ ಅದು ಕೈಗೆಟಕುವ ಮೊತ್ತ.

1972ರ ಗೆಲುವಿನ ತೂಕ ತಿಳಿಯಲು ರಾಜ್ಯದ ಚಿತ್ರ ನೋಡಬೇಕು. 216 ಸ್ಥಾನಗಳಲ್ಲಿ ಕಾಂಗ್ರೆಸ್‌ಗೆ 165. ಸಮಾಜವಾದಿಗಳಿಗೆ ಮೂರೇ ಮೂರು. ಮೂರೂ ಈ ಜಿಲ್ಲೆಯವು. ಸೊರಬದಲ್ಲಿ ಬಂಗಾರಪ್ಪ, ಸಾಗರದಲ್ಲಿ ಕಾಗೋಡು ತಿಮ್ಮಪ್ಪ, ತೀರ್ಥಹಳ್ಳಿಯಲ್ಲಿ ಕೋಣಂದೂರು ಲಿಂಗಪ್ಪ. ಅಂಥ ಇಂದಿರಾ ಅಲೆಯಲ್ಲೂ ಈ ಮೂರು ತಾಲ್ಲೂಕು ನಿಂತದ್ದು ಗೇಣಿ ಹೋರಾಟದ ಬಲದಿಂದ.

ಆಮೇಲೆ ದೇವರಾಜ ಅರಸು ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಿದರೆ ಭೂ ನ್ಯಾಯಮಂಡಳಿ ವಿಚಾರಣೆ ಮಾಡಿ ಅಧಿಭೋಗದ ಹಕ್ಕು, ಅಂದರೆ ಒಡೆತನ, ಕೊಡುತ್ತಿತ್ತು. ಅರ್ಜಿಯ ಕೊನೆಯ ಗಡುವು 1979ರ ಜೂನ್ 30ರವರೆಗೂ ಮುಂದುವರಿಯಿತು. ಗೇಣಿ ರಸೀದಿ ಇಲ್ಲದವರು, ಪಹಣಿಯಲ್ಲಿ ಹೆಸರು ಬರೆಸದವರು, ಒಡೆಯರ ಮುಲಾಜಿಗೆ ಅರ್ಜಿಯನ್ನೇ ಹಾಕದವರು ಈ ಹಂತದಲ್ಲಿ ಜಮೀನು ಕಳೆದುಕೊಂಡರು. ಉಳಿದವರು ಒಡೆಯರಾದರು. ಸಮಾಜವಾದಿಗಳು ಕೇಳಿದ್ದನ್ನು ಕೊಟ್ಟದ್ದು ಕಾಂಗ್ರೆಸ್ ಸರ್ಕಾರ. ಹೀಗಾಗಿ 1978ರ ಹೊತ್ತಿಗೆ ಬಂಗಾರಪ್ಪ ಆ ಕಡೆ ಹೋದದ್ದು ಸೊರಬದ ರೈತನಿಗೆ ಪಕ್ಷದ್ರೋಹ ಅನಿಸಲಿಲ್ಲ. ಮೊದಲ ಪಕ್ಷಾಂತರವನ್ನು ಕ್ಷೇತ್ರ ಸಹಜವಾಗಿ ನುಂಗಿಕೊಂಡದ್ದೇ ಮುಂದಿನ ಎಲ್ಲ ಪಕ್ಷಾಂತರಗಳಿಗೂ ದಾರಿಯಾಯಿತು ಎನ್ನುವುದು ನಮ್ಮ ತೀರ್ಮಾನ.

ಗುರುತು ಬದಲಿಸುವ ಕೆಲಸ

ಪಕ್ಷ ಬದಲಿಸಿದ ಅಭ್ಯರ್ಥಿಗೆ ಮೊದಲ ಗಂಡಾಂತರ ಗುರುತಿನದು. ಮತಪತ್ರದ ಕಾಲದಲ್ಲಿ, ಓದು ಬಾರದ ಮತದಾರರು ಹೆಚ್ಚಿದ್ದ ಊರಿನಲ್ಲಿ, ಕಳೆದ ಬಾರಿ ಒತ್ತಿದ ಚಿತ್ರಕ್ಕೇ ಮುದ್ರೆ ಬೀಳುವುದು ಸಾಮಾನ್ಯ. 1978ರಲ್ಲಿ ಇಂದಿರಾ ಕಾಂಗ್ರೆಸ್‌ಗೆ ಸಿಕ್ಕ 'ಕೈ' ರಾಜ್ಯಕ್ಕೇ ಹೊಸದು. 1983ರಲ್ಲಿ ಜನತಾ ಪಕ್ಷದ ಗುರುತು ನೇಗಿಲು ಹೊತ್ತ ರೈತ. 1985ರಲ್ಲಿ ಮತ್ತೆ ಕೈ. 1994ರಲ್ಲಿ ಹೊಸ ಪಕ್ಷ. ಹಿಂದಿನ ಮತಗಳಿಕೆಯ ಮೇಲೆ ಮಾನ್ಯತೆ ಸಿಗುವುದರಿಂದ ಹೊಸ ಪಕ್ಷಕ್ಕೆ ಮೀಸಲು ಚಿಹ್ನೆ ಇರುವುದಿಲ್ಲ. ಚಿಹ್ನೆ ಖಚಿತವಾಗುವುದು ನಾಮಪತ್ರ ವಾಪಸಾತಿ ಮುಗಿದ ಮೇಲೆ. ಆಗಿನ ಕಾನೂನಿನಲ್ಲಿ ಅಲ್ಲಿಂದ ಮತದಾನಕ್ಕೆ ಕನಿಷ್ಠ 20 ದಿನ ಇರುತ್ತಿತ್ತು. 1996ರ ತಿದ್ದುಪಡಿಯ ಬಳಿಕ ಅದು 14 ದಿನಕ್ಕೆ ಇಳಿದಿದೆ.

ಅಷ್ಟು ದಿನದಲ್ಲಿ ಹೊಸ ಚಿತ್ರ ಪ್ರತಿ ಮನೆ ಮುಟ್ಟಬೇಕು. ಗೋಡೆಬರಹ, ಕರಪತ್ರ ಪೇಟೆಗೆ ಸಾಕು. ಮಲೆನಾಡಿನಲ್ಲಿ ಮನೆಗಳು ಒಂದಕ್ಕೊಂದು ದೂರ. ಗುಡ್ಡದ ಆಚೆ ನಾಲ್ಕು, ಕಾನಿನ ಅಂಚಿಗೆ ಎರಡು. ಅಲ್ಲಿಗೆ ಮಾದರಿ ಮತಪತ್ರ ಹಿಡಿದು ನಡೆದೇ ಹೋಗುವ ಒಬ್ಬ ಮನುಷ್ಯ ಬೇಕು, ಅವನು ಆ ಮನೆಯವರಿಗೆ ಪರಿಚಯದವನಾಗಿರಬೇಕು. ಪಕ್ಷ ಬಿಟ್ಟಾಗ ಪಕ್ಷದ ಕಚೇರಿ, ನಿಧಿ, ಲೆಟರ್‌ಹೆಡ್ ಹಿಂದೆ ಉಳಿಯುತ್ತವೆ. ಊರೂರಿನ ಈ ಪರಿಚಯದ ಮನುಷ್ಯ ಯಾರ ಜೊತೆ ಹೋಗುತ್ತಾನೆ ಎಂಬುದರ ಮೇಲೆ ಎಲ್ಲವೂ ನಿಂತಿರುತ್ತದೆ. ಸೊರಬದಲ್ಲಿ ಆತ ಪಕ್ಷದ ಕಾರ್ಯಕರ್ತನಾಗುವ ಮೊದಲು ಬಂಗಾರಪ್ಪನವರ ಮನುಷ್ಯನಾಗಿದ್ದ.

1983ರ ಫಲಿತಾಂಶ ಇದಕ್ಕೆ ಸಾಕ್ಷಿ. 1979–80ರಲ್ಲಿ ಪ್ರದೇಶ ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು ಮೂರು ವರ್ಷದಲ್ಲಿ ಅದೇ ಕಾಂಗ್ರೆಸ್ ವಿರುದ್ಧ ನಿಂತರು. 1982ರ ಜೂನ್‌ನಲ್ಲಿ ಅರಸು ತೀರಿಕೊಂಡ ಮೇಲೆ ಕ್ರಾಂತಿರಂಗದ ಭಾರ ಬಂಗಾರಪ್ಪನವರ ಹೆಗಲೇರಿತ್ತು. ಜನತಾ–ಕ್ರಾಂತಿರಂಗಕ್ಕೆ 95 ಸ್ಥಾನ ಬಂದವು, ಕಾಂಗ್ರೆಸ್ 82ಕ್ಕೆ ಕುಸಿಯಿತು. ಮುಖ್ಯಮಂತ್ರಿ ಪದವಿ ಮಾತ್ರ ರಾಮಕೃಷ್ಣ ಹೆಗಡೆಯವರ ಪಾಲಾಯಿತು. ಬಂಗಾರಪ್ಪ ಕಾಂಗ್ರೆಸ್‌ಗೆ ಮರಳಿದರು. 1985ರಲ್ಲಿ ಜನತಾ ಪಕ್ಷ 139 ಸ್ಥಾನ ಗೆದ್ದ ಅಲೆಯಲ್ಲಿ, ಎರಡೇ ವರ್ಷದ ಹಿಂದೆ ತಾವೇ ಸೋಲಿಸಿದ್ದ ಚಿಹ್ನೆ ಹಿಡಿದು, ಅವರು ಸೊರಬದಲ್ಲಿ ಮತ್ತೆ ಗೆದ್ದರು. ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕರಾದರು. ರಾಜ್ಯದ ಗಾಳಿ ಯಾವ ಕಡೆ ಬೀಸಿದರೂ ಸೊರಬದ ಲೆಕ್ಕವೇ ಬೇರೆ ಎಂಬುದು ಆ ಚುನಾವಣೆಯಲ್ಲಿ ಸಿದ್ಧವಾಯಿತು.

ಶಾಸಕನ ಕೈಯಲ್ಲಿ ಏನಿರುತ್ತದೆ

ಮುಖ್ಯಮಂತ್ರಿಯಾಗಿದ್ದ ಎರಡು ವರ್ಷದಲ್ಲಿ ಬಂಗಾರಪ್ಪ ತಂದ ಯೋಜನೆಗಳ ಹೆಸರು ಹಳ್ಳಿಗಳಲ್ಲಿ ಇಂದಿಗೂ ಬಳಕೆಯಲ್ಲಿವೆ: ಮನೆಗೆ ಆಶ್ರಯ, ಗುಡಿಗೆ ಆರಾಧನಾ, ಗ್ರಾಮೀಣ ಕಸುಬಿಗೆ ವಿಶ್ವ, 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗೆ ಉಚಿತ ವಿದ್ಯುತ್, ಹಳ್ಳಿಯಲ್ಲಿ ಓದಿದವರಿಗೆ ಕೃಪಾಂಕ. ಕಾವೇರಿ ಮಧ್ಯಂತರ ತೀರ್ಪಿನ ವಿರುದ್ಧ 1991ರಲ್ಲಿ ಹೊರಡಿಸಿದ ಸುಗ್ರೀವಾಜ್ಞೆ ರಾಜ್ಯಮಟ್ಟದಲ್ಲಿ ಹೆಸರು ತಂದಿತು, ಸುಪ್ರೀಂ ಕೋರ್ಟ್‌ನಲ್ಲಿ ನಿಲ್ಲಲಿಲ್ಲ. ಸೊರಬದ ಮಟ್ಟಿಗೆ ಇವೆಲ್ಲಕ್ಕಿಂತ ಮುಖ್ಯ ಅನ್ನಿಸುವುದು, ಹೆಚ್ಚು ಚರ್ಚೆಯಾಗದ ಇನ್ನೊಂದು ವಿಷಯ: 1991ರಲ್ಲಿ ಭೂ ಕಂದಾಯ ಕಾಯ್ದೆಗೆ ಸೇರಿದ 94-ಎ ಕಲಮು, ಅಂದರೆ ಬಗರ್‌ಹುಕುಂ (ಮಂಜೂರಾತಿ ಇಲ್ಲದೆ ಸರ್ಕಾರಿ ಜಾಗದಲ್ಲಿ ಮಾಡಿದ) ಸಾಗುವಳಿಯ ಸಕ್ರಮ.

ಗೇಣಿದಾರನಿಗೆ ನಮೂನೆ 7 ಇತ್ತು. ಸರ್ಕಾರಿ ಜಾಗ ಹದ ಮಾಡಿಕೊಂಡು ಉಳುತ್ತಿದ್ದವನಿಗೆ ಏನೂ ಇರಲಿಲ್ಲ. 1990ರ ಏಪ್ರಿಲ್ 14ಕ್ಕೆ ಮುಂಚಿನಿಂದ ಸಾಗುವಳಿ ಮಾಡುತ್ತಿದ್ದವರು ನಮೂನೆ 50ರಲ್ಲಿ ಅರ್ಜಿ ಹಾಕಲು ಈ ಕಲಮು ಅವಕಾಶ ಕೊಟ್ಟಿತು. ಮುಂದೆ ನಮೂನೆ 53 ಬಂತು, 2018ರಲ್ಲಿ ನಮೂನೆ 57 ಬಂತು. ಮಂಜೂರಾತಿ ತೀರ್ಮಾನಿಸುವ ತಾಲ್ಲೂಕು ಸಮಿತಿಯಲ್ಲಿ ಕ್ಷೇತ್ರದ ಶಾಸಕರು ಇರುತ್ತಾರೆ. ವಾಡಿಕೆಯಲ್ಲಿ ಅವರೇ ಅಧ್ಯಕ್ಷರು, ತಹಸೀಲ್ದಾರರು ಕಾರ್ಯದರ್ಶಿ.

ಒಂದು ಕಡತ ಹೇಗೆ ನಡೆಯುತ್ತದೆ ನೋಡಿ. ಅರ್ಜಿ ನಾಡಕಚೇರಿಗೆ ಬರುತ್ತದೆ. ಗ್ರಾಮ ಲೆಕ್ಕಿಗರು (ಈಗ ಗ್ರಾಮ ಆಡಳಿತಾಧಿಕಾರಿ) ಸರ್ವೆ ನಂಬರ್, ಪಹಣಿಯ ಷರಾ, ಅರ್ಜಿದಾರನ ಈಗಿನ ಹಿಡುವಳಿ ಬರೆದು ವರದಿ ಕೊಡುತ್ತಾರೆ. ಕಂದಾಯ ನಿರೀಕ್ಷಕರು ಸ್ಥಳಕ್ಕೆ ಹೋಗಿ ಅಕ್ಕಪಕ್ಕದವರ ಎದುರು ಮಹಜರು ಮಾಡುತ್ತಾರೆ. ಭೂಮಾಪಕರು ಅಳೆದು ನಕ್ಷೆ ಬರೆಯುತ್ತಾರೆ. ಸರ್ಕಾರಿ ಜಾಗದ ಒತ್ತುವರಿಗೆ ಹಿಂದೆ ಹಾಕಿದ ಟಿ.ಟಿ. ದಂಡದ ರಸೀದಿ ಇದ್ದರೆ ಅದೇ ಗಟ್ಟಿ ಸಾಕ್ಷಿ. ಕಡತ ಸಮಿತಿಯ ಮುಂದೆ ಬರುತ್ತದೆ; ಸ್ವಂತ ಜಮೀನೂ ಸೇರಿ 2 ಹೆಕ್ಟೇರ್, ಅಂದರೆ 4 ಎಕರೆ 38 ಗುಂಟೆ ಮೀರಬಾರದು. ಮಂಜೂರಾದರೆ ಕಿಮ್ಮತ್ತು ಕಟ್ಟಿಸಿಕೊಂಡು ಸಾಗುವಳಿ ಚೀಟಿ ಕೊಡುತ್ತಾರೆ. ಖಾತೆ ಏರಿ, ಪೋಡಿಯಾಗಿ (ಸರ್ವೆಯಲ್ಲಿ ಪಾಲು ಬೇರೆಯಾಗಿ), ಪಹಣಿಯಲ್ಲಿ ಹೆಸರು ಬಂದರೆ ಕೆಲಸ ಮುಗಿಯಿತು. ಪಹಣಿಯಲ್ಲಿ ಹೆಸರು ಬಂದವನಿಗೆ ಸಹಕಾರ ಸಂಘದಲ್ಲಿ ಸಾಲ ಹುಟ್ಟುತ್ತದೆ, ಬೆಳೆ ಪರಿಹಾರ ಬರುತ್ತದೆ.

ಕೆಡುವುದು ಮೂರು ಕಡೆ. ಮೊದಲನೆಯದು ಜಮೀನಿನ ಜಾತಿ. ಸೊರಬದಲ್ಲಿ ಕಾನು, ಸೊಪ್ಪಿನಬೆಟ್ಟ, ಗೋಮಾಳ ಎಂದು ಬರೆದ ಸರ್ವೆ ನಂಬರ್‌ಗಳು ಧಾರಾಳ. ಅರಣ್ಯವೆಂದು ಬಂದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಬಳಿಕ ಕೇಂದ್ರದ ಅನುಮತಿ ಇಲ್ಲದೆ ಸಮಿತಿ ಏನೂ ಮಾಡುವಂತಿಲ್ಲ. ಗೊತ್ತಿದ್ದೂ ಮಂಜೂರು ಮಾಡಿದರೆ ಮುಂದೆ ಮೇಲ್ಮನವಿಯಲ್ಲಿ ಸಾಗುವಳಿ ಚೀಟಿ ರದ್ದಾಗುತ್ತದೆ, ರೈತ ಕೋರ್ಟು ಅಲೆಯುತ್ತಾನೆ. ಎರಡನೆಯದು ಪೋಡಿ. ಚೀಟಿ ಕೈಗೆ ಬಂದು ಎಷ್ಟೋ ವರ್ಷವಾದರೂ ಪೋಡಿಯಾಗದ ಕಡತಗಳು ಮಲೆನಾಡಿನ ಎಲ್ಲ ತಾಲ್ಲೂಕಿನಲ್ಲೂ ಇವೆ. ಒಂದೇ ಸರ್ವೆ ನಂಬರಿನಲ್ಲಿ ಮಂಜೂರಾದ ಒಟ್ಟು ವಿಸ್ತೀರ್ಣ ಅಲ್ಲಿರುವ ನೆಲಕ್ಕಿಂತ ಹೆಚ್ಚಾದಾಗ ಅಳತೆ ಕೂಡಿಬರುವುದಿಲ್ಲ. ಮೂರನೆಯದು ಸಭೆಯೇ ನಡೆಯದಿರುವುದು. ಸರ್ಕಾರ ಬದಲಾದಾಗಲೆಲ್ಲ ಸಮಿತಿ ಹೊಸದಾಗಿ ರಚನೆಯಾಗಬೇಕು, ಅಲ್ಲಿಯವರೆಗೆ ಕಡತ ಕಪಾಟಿನಲ್ಲಿ.

ಇಲ್ಲಿ ಶಾಸಕ ಎಂದರೆ ಕಾನೂನು ಮಾಡುವವರು ಎನ್ನುವುದಕ್ಕಿಂತ ಸಭೆ ಕರೆಯುವವರು. ಆಶ್ರಯ ನಿವೇಶನದ ಪಟ್ಟಿಯದೂ ಇದೇ ಕಥೆ. ಹಕ್ಕುಪತ್ರ ಸಿಕ್ಕ ಕುಟುಂಬ ಅದನ್ನು ಪಕ್ಷದ ಲೆಕ್ಕಕ್ಕೆ ಬರೆಯುವುದಿಲ್ಲ, ಕೊಟ್ಟ ಮನುಷ್ಯನ ಲೆಕ್ಕಕ್ಕೆ ಬರೆಯುತ್ತದೆ. ಇಪ್ಪತ್ತೊಂಬತ್ತು ವರ್ಷ ಒಬ್ಬರೇ ಶಾಸಕರಾಗಿದ್ದ ತಾಲ್ಲೂಕಿನಲ್ಲಿ ಈ ಋಣ ಮನೆಯಿಂದ ಮನೆಗೆ ಸೇರುತ್ತಾ ಹೋಗುತ್ತದೆ. ಡೊಳ್ಳು ಹೆಗಲಿಗೇರಿಸಿ ಬಾರಿಸುತ್ತಿದ್ದ ಬಂಗಾರಪ್ಪನವರ ಚಿತ್ರ ಎಲ್ಲರಿಗೂ ನೆನಪಿದೆ. ಮತ ಹಿಡಿದು ನಿಲ್ಲಿಸಿದ್ದರಲ್ಲಿ ಪಹಣಿಯ ಪಾಲು ಅದಕ್ಕಿಂತ ದೊಡ್ಡದು.

1994ರ ಚುನಾವಣೆ ಈ ಮಾತಿನ ಪರೀಕ್ಷೆ. ಅಧಿಕಾರ ಹೋಗಿತ್ತು, ಕಾಂಗ್ರೆಸ್ ಬಿಟ್ಟಿದ್ದರು, ಹೊಸ ಪಕ್ಷಕ್ಕೆ ರಾಜ್ಯದಲ್ಲಿ ಸಿಕ್ಕಿದ್ದು 10 ಸ್ಥಾನ. ಸೊರಬ ಮಾತ್ರ ಏಳನೆಯ ಬಾರಿಯೂ ಕೈಬಿಡಲಿಲ್ಲ.

ಗಡಿ ದಾಟಿದ ಮೇಲೆ

1996ರಲ್ಲಿ ಅವರು ಶಿವಮೊಗ್ಗದಿಂದ ಲೋಕಸಭೆಗೆ ಗೆದ್ದರು. ವಿಧಾನಸಭೆಯಲ್ಲಿ ಇರುವವರು ಸಂಸತ್ತಿಗೆ ಆರಿಸಿ ಬಂದರೆ, ಅಧಿಸೂಚನೆ ಪ್ರಕಟವಾದ 14 ದಿನದೊಳಗೆ ವಿಧಾನಸಭೆಗೆ ರಾಜೀನಾಮೆ ಕೊಡಬೇಕು. ತಪ್ಪಿದರೆ ಸಂಸತ್ತಿನ ಸ್ಥಾನವೇ ಖಾಲಿಯಾಗುತ್ತದೆ. ಸೊರಬ ತೆರವಾಯಿತು, ಉಪಚುನಾವಣೆಯಲ್ಲಿ ಮಗ ಕುಮಾರ್ ಬಂಗಾರಪ್ಪ ಗೆದ್ದರು. ಆ ಕ್ಷಣಕ್ಕೆ ಇದು ಜಾಣ ನಡೆ. ದೂರದ ಲೆಕ್ಕದಲ್ಲಿ ಇದೇ ತಿರುವು. ಸಭೆ ಕರೆಯುವ ಕುರ್ಚಿ ಬಿಟ್ಟು ಅವರು ಸಂಸದರಾದರು. ಬಗರ್‌ಹುಕುಂ ಸಮಿತಿಯಲ್ಲಿ ಸಂಸದರಿಗೆ ಶಾಸಕರ ಜಾಗವಿಲ್ಲ.

ಲೋಕಸಭೆಗೆ ಎಂಟು ವಿಧಾನಸಭಾ ಕ್ಷೇತ್ರ. ಸೊರಬ ಅದರಲ್ಲಿ ಒಂದು. ಉಳಿದೆಡೆ ಮೂವತ್ತು ವರ್ಷದ ಋಣವಿಲ್ಲ, ಹೆಸರಷ್ಟೇ ಇದೆ. ಹೆಸರಿಗೆ ಪಕ್ಷದ ಸಂಘಟನೆ ಕೂಡಿದಾಗ ಗೆಲುವು, ಕೂಡದಿದ್ದರೆ ಸೋಲು. 1998ರಲ್ಲಿ ಬಿಜೆಪಿಯ ಆಯನೂರು ಮಂಜುನಾಥ್ ಎದುರು ಸೋತರು. 1999ರಲ್ಲಿ ಕಾಂಗ್ರೆಸ್‌ನಿಂದ, 2004ರಲ್ಲಿ ಬಿಜೆಪಿಯಿಂದ ಗೆದ್ದರು. 2005ರಲ್ಲಿ ಬಿಜೆಪಿ ಬಿಟ್ಟಾಗ, ಪಕ್ಷಾಂತರ ನಿಷೇಧ ಕಾಯ್ದೆಯ ಅನರ್ಹತೆಗೆ ಕಾಯದೆ ಸ್ಥಾನಕ್ಕೇ ರಾಜೀನಾಮೆ ಕೊಟ್ಟು, ಸಮಾಜವಾದಿ ಪಕ್ಷದ ಸೈಕಲ್ ಹಿಡಿದು ಉಪಚುನಾವಣೆ ಗೆದ್ದರು. ರಾಜ್ಯದಲ್ಲಿ ನೆಲೆಯೇ ಇಲ್ಲದ ಪಕ್ಷದಿಂದ ಗೆದ್ದ ಈ ಚುನಾವಣೆ ಅವರ ವೈಯಕ್ತಿಕ ವರ್ಚಸ್ಸಿನ ತುತ್ತತುದಿ. ಮತ ಕೇಳಿ ಗೆದ್ದ ಕೊನೆಯ ಚುನಾವಣೆಯೂ ಅದೇ.

2008ರಲ್ಲಿ ಅವರು ಶಿಕಾರಿಪುರಕ್ಕೆ ಹೋಗಿ ಬಿ.ಎಸ್. ಯಡಿಯೂರಪ್ಪನವರ ಎದುರು ನಿಂತರು. ಕಾಂಗ್ರೆಸ್, ಜೆಡಿಎಸ್ ಅಭ್ಯರ್ಥಿ ಹಾಕದೆ ಬೆಂಬಲಿಸಿದವು. ಎದುರಾಳಿ ಮತ ಒಡೆಯದಿದ್ದರೆ ಗೆಲ್ಲಬಹುದೆಂಬುದು ಲೆಕ್ಕ. ಯಡಿಯೂರಪ್ಪ 83,491, ಬಂಗಾರಪ್ಪ 37,564, ಅಂತರ 45,927. ತಪ್ಪಿದ್ದು ಎಲ್ಲಿ? ಸೊರಬದಲ್ಲಿ ಬಂಗಾರಪ್ಪ ಏನಾಗಿದ್ದರೋ ಶಿಕಾರಿಪುರದಲ್ಲಿ 1983ರಿಂದ ಯಡಿಯೂರಪ್ಪ ಅದೇ ಆಗಿದ್ದರು. 1999ರಲ್ಲಿ ಒಮ್ಮೆ ಸೋತದ್ದು ಬಿಟ್ಟರೆ ಅಲ್ಲಿನ ಕಚೇರಿ ಕೆಲಸ, ನೀರಾವರಿ, ರಸ್ತೆಯ ಋಣವೆಲ್ಲ ಅವರದು. ಪಕ್ಕದ ತಾಲ್ಲೂಕಾದರೂ ಅದು ಪರರ ನೆಲ. ಜೊತೆಗೆ, ಒಬ್ಬರನ್ನು ಸೋಲಿಸಲು ಮೂರು ಪಕ್ಷ ಕೈಜೋಡಿಸಿದಾಗ ಮತ ಕೂಡುವುದು ಕಾಗದದ ಮೇಲೆ. ಊರಲ್ಲಿ ಮೂರು ಪಕ್ಷದ ಏಜೆಂಟರು ಒಂದೇ ಬೂತಿನಲ್ಲಿ ಕೂರಲು ಒಪ್ಪುವುದಿಲ್ಲ. 2009ರಲ್ಲಿ ಕಾಂಗ್ರೆಸ್‌ನಿಂದ ಲೋಕಸಭೆಗೆ ನಿಂತು ಬಿ.ವೈ. ರಾಘವೇಂದ್ರ ಎದುರು 52,893 ಮತಗಳಿಂದ ಸೋತರು. ಅಷ್ಟರಲ್ಲಿ ಕ್ಷೇತ್ರ ಪುನರ್ವಿಂಗಡಣೆಯಾಗಿ ಘಟ್ಟದ ಕೆಳಗಿನ ಬೈಂದೂರೂ ಈ ಲೋಕಸಭಾ ಕ್ಷೇತ್ರಕ್ಕೆ ಸೇರಿತ್ತು.

ಒಡೆದ ಪಾಲು

2004ರಲ್ಲಿ ಲೋಕಸಭೆ, ವಿಧಾನಸಭೆ ಒಟ್ಟಿಗೆ ನಡೆದವು. ತಂದೆ ಕಮಲದಡಿ ಲೋಕಸಭೆಗೆ. ಕಿರಿಯ ಮಗ ಮಧು ಕಮಲದಡಿ ಸೊರಬಕ್ಕೆ. ಹಿರಿಯ ಮಗ ಕುಮಾರ್ ಕಾಂಗ್ರೆಸ್‌ನಲ್ಲೇ ಉಳಿದು ಸೊರಬಕ್ಕೆ. ತಂದೆ ಲೋಕಸಭೆ ಗೆದ್ದರು, ಸೊರಬದಲ್ಲಿ ಕುಮಾರ್ ಗೆದ್ದರು. ಮತದಾರ ತಂದೆಯ ಮಾತಿಗಿಂತ ಕುರ್ಚಿಯಲ್ಲಿ ಕೂತಿದ್ದ ಶಾಸಕನ ಕೆಲಸಕ್ಕೆ ಬೆಲೆ ಕೊಟ್ಟ ಎಂದೇ ಇದನ್ನು ಓದಬೇಕು.

2008ರಲ್ಲಿ ಹೊಸನಗರ ಕ್ಷೇತ್ರ ರದ್ದಾಯಿತು. ಅಲ್ಲಿ ಶಾಸಕರಾಗಿದ್ದ ಎಚ್. ಹಾಲಪ್ಪ ಬಿಜೆಪಿಯಿಂದ ಸೊರಬಕ್ಕೆ ಬಂದರು. ಅವರೂ ಅದೇ ಸಮುದಾಯದವರು. ಹಾಲಪ್ಪನವರಿಗೆ ಸುಮಾರು 53 ಸಾವಿರ, ಕಾಂಗ್ರೆಸ್‌ನ ಕುಮಾರ್‌ಗೆ 32 ಸಾವಿರದಷ್ಟು, ಸಮಾಜವಾದಿ ಪಕ್ಷದ ಮಧುಗೆ 31 ಸಾವಿರದಷ್ಟು. ಅಣ್ಣತಮ್ಮಂದಿರದು ಕೂಡಿದರೆ ಗೆದ್ದವರಿಗಿಂತ ಹತ್ತು ಸಾವಿರ ಹೆಚ್ಚು. ಆದರೆ ಈ ಕೂಡುವ ಲೆಕ್ಕವನ್ನು ಹುಷಾರಾಗಿ ಬಳಸಬೇಕು: ಕುಮಾರ್ ಪಡೆದುದರಲ್ಲಿ ಕಾಂಗ್ರೆಸ್‌ನ ಸ್ವಂತ ಮತ ಇದೆ, ಅದು ಸೈಕಲ್‌ಗೆ ಹೋಗುವಂಥದ್ದಲ್ಲ.

ಇದನ್ನು ತಾಳೆ ನೋಡಲು ಬಯಸುವವರು ಚುನಾವಣಾಧಿಕಾರಿ ಸಿದ್ಧಪಡಿಸುವ ನಮೂನೆ 20 ತೆಗೆದುಕೊಳ್ಳಬೇಕು. ಅದರಲ್ಲಿ ಮತಗಟ್ಟೆವಾರು ಅಂಕಿ ಇರುತ್ತದೆ. ಮತಗಟ್ಟೆ ಸಂಖ್ಯೆಯಿಂದ ಹೋಲಿಸಬಾರದು; ಪುನರ್ವಿಂಗಡಣೆಯಲ್ಲಿ, ಮತಗಟ್ಟೆ ಸೇರ್ಪಡೆಯಲ್ಲಿ ಸಂಖ್ಯೆ ಬದಲಾಗುತ್ತದೆ. ಊರಿನ ಹೆಸರು ಹಿಡಿದು, ಪಂಚಾಯಿತಿವಾರು ಕೂಡಿ ಹೋಲಿಸಬೇಕು. ಸಾಗರ ತಾಲ್ಲೂಕಿನ ತಾಳಗುಪ್ಪ ಭಾಗ ಈಗ ಸೊರಬ ಕ್ಷೇತ್ರದಲ್ಲಿದೆ, ಅದನ್ನು ಬೇರೆಯಾಗಿ ಇಡಬೇಕು. ಬಂಗಾರಪ್ಪನವರ ಏಳೂ ಗೆಲುವಿಗೆ ಈ ವಿಧಾನ ನಡೆಯುತ್ತದೆ ಎನ್ನಲಾಗದು. ಮತಪತ್ರದ ಕಾಲದ ಕೆಲವು ಚುನಾವಣೆಗಳಲ್ಲಿ ಎಣಿಕೆಗೆ ಮುನ್ನ ಬೇರೆ ಬೇರೆ ಪೆಟ್ಟಿಗೆಗಳ ಮತಪತ್ರ ಬೆರೆಸುವ ಪದ್ಧತಿಯಿತ್ತು.

2011ರ ಡಿಸೆಂಬರ್ 26ರಂದು ಬಂಗಾರಪ್ಪ ತೀರಿಕೊಂಡರು. ಆಮೇಲಿನ ಮೂರು ಚುನಾವಣೆಯಲ್ಲಿ ಸೊರಬ ಅಣ್ಣತಮ್ಮಂದಿರ ನಡುವೆ ಓಲಾಡಿತು. 2013ರಲ್ಲಿ ಜೆಡಿಎಸ್‌ನಿಂದ ಮಧು. 2018ರಲ್ಲಿ ಬಿಜೆಪಿಯಿಂದ ಕುಮಾರ್, 13,286 ಮತಗಳ ಅಂತರ. ಮಧು ಜೆಡಿಎಸ್‌ನಲ್ಲಿದ್ದರು, ಕಾಂಗ್ರೆಸ್ ಬೇರೆ ಅಭ್ಯರ್ಥಿ ಹಾಕಿ 20 ಸಾವಿರಕ್ಕೂ ಹೆಚ್ಚು ಮತ ತೆಗೆದಿತ್ತು. 2023ರಲ್ಲಿ ಮಧು ಕಾಂಗ್ರೆಸ್‌ಗೆ ಬಂದು ನಿಂತಾಗ ಆ ಎರಡು ಹರಿವೂ ಒಂದಾದವು. 44,262 ಮತಗಳಿಂದ ಗೆದ್ದು ಶಾಲಾ ಶಿಕ್ಷಣ ಸಚಿವರಾದರು. ತಂದೆಯ ಕಾಲದಲ್ಲಿ ಪಕ್ಷ ಯಾವುದಾದರೂ ನಡೆಯುತ್ತಿತ್ತು. ಮಕ್ಕಳ ಕಾಲದಲ್ಲಿ ಹೆಸರು ಇಬ್ಬರಿಗೂ ಸಮ. ಪಕ್ಷದ ಮತ ಯಾರ ಕಡೆ ಕೂಡುತ್ತದೋ ಅವರು ಗೆಲ್ಲುತ್ತಾರೆ.

ಲೋಕಸಭೆಯಲ್ಲಿ ಈ ಕುಟುಂಬದ ಕಷ್ಟ ಹಾಗೇ ಉಳಿದಿದೆ. 2018ರ ನವೆಂಬರ್ ಉಪಚುನಾವಣೆಯಲ್ಲಿ ಮಧು 52,148 ಮತಗಳಿಂದ, 2019ರಲ್ಲಿ 2,23,360 ಮತಗಳಿಂದ, 2024ರಲ್ಲಿ ಬಂಗಾರಪ್ಪನವರ ಮಗಳು ಗೀತಾ ಶಿವರಾಜಕುಮಾರ್ 2,43,715 ಮತಗಳಿಂದ ಸೋತರು. ಮೂರೂ ಸಲ ಗೆದ್ದವರು ರಾಘವೇಂದ್ರ. 2023ರಲ್ಲಿ ಸೊರಬವೊಂದರಲ್ಲೇ 44 ಸಾವಿರದ ಮುನ್ನಡೆ ಕೊಟ್ಟ ಹೆಸರು, ಮರುವರ್ಷ ಎಂಟು ಕ್ಷೇತ್ರಗಳ ಲೆಕ್ಕಕ್ಕೆ ಬಂದಾಗ ಸಾಕಾಗಲಿಲ್ಲ.